ನೋಡದೆ ಹೊಲಿದ ಕೋಟು

ನಮ್ಮ ಟೈಲರ್ ಮಹಾಶಯನ ಜಂಬ ಕೇಳಬೇಡಿ. ಗಿರಾಕಿ ಬಾಗಿಲಿಂದ ಮೇಜಿನ ತನಕ ನಡೆದು ಬರುವಷ್ಟರಲ್ಲಿ ಅಳತೆಯೆಲ್ಲ ಅವನ ತಲೆಗೆ ಇಳಿದಿರುತ್ತಿತ್ತು. ಯಾರ ಭುಜ ವಾರೆ, ಯಾರು ಹೊಟ್ಟೆ ಎಳೆದುಕೊಂಡು ನಿಂತಿದ್ದಾರೆ, ಒಂದೂ ಆ ಕಣ್ಣಿಗೆ ತಪ್ಪುತ್ತಿರಲಿಲ್ಲ. ಕೊರಳಲ್ಲಿ ನೇತಾಡುವ ಟೇಪು ಬರೀ ಶೋಕಿಗೆ.

ಇಂಥವನ ಹೆಂಡತಿಗೆ ಮದುವೆಯಾದಾಗಿನಿಂದ ಅವನು ಹೊಲಿದ ಒಂದು ಬಟ್ಟೆ ಇಲ್ಲ ಅಂದರೆ ನಂಬುತ್ತೀರಾ? ಕೇಳಿದಾಗಲೆಲ್ಲ ಮುಂದಿನ ವಾರ ಅನ್ನುತ್ತಿದ್ದ. ಈಗ ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದಳು, ನಾಳೆ ಬೆಳಿಗ್ಗೆ ಎಲ್ಲರೆದುರು ಸನ್ಮಾನ. ಅದಕ್ಕೆ ತೊಡಲು ನೀವು ಕೋಟು ಹೊಲಿದು ಕೊಡದಿದ್ದರೆ ರೆಡಿಮೇಡ್ ಹಾಕಿಕೊಂಡು ಹೋಗುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಟೈಲರ್ ಹೆಂಡತಿ ರೆಡಿಮೇಡಿನಲ್ಲಿ! ಪೇಟೆಯಲ್ಲಿ ಅವನು ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ರಟ್ಟೆ ಮುರಿದು ಹೊಲಿದ. ಗುಂಡಿ ಹಚ್ಚುತ್ತಿದ್ದ ಮಗಳು, ಅಮ್ಮನ ಅಳತೆ ತಗೊಂಡ್ಯಾ ಅಪ್ಪ ಅಂತ ಕೇಳಿದಳು. ದಿನಾ ಎದುರಿಗೆ ಕೂತು ಉಣ್ಣುವವಳಿಗೆ ಅಳತೆ ಬೇರೆ ಕೇಡು ಎಂದು ನಕ್ಕ.

ಸಂಜೆ ಆಕೆ ಅಂಗಡಿಗೆ ಬಂದು ಕೋಟು ತೊಟ್ಟಳು. ಗುಂಡಿಗೂ ಕಾಜಾಕ್ಕೂ ಭೇಟಿಯೇ ಆಗಲಿಲ್ಲ. ತೋಳು ಬಿಗಿ, ಬೆನ್ನು ಇನ್ನೂ ಬಿಗಿ. ಮಗಳು ನಗು ತಡೆಯಲಾರದೆ ಒಳಗೆ ಓಡಿದಳು.

"ಇದನ್ನ ಯಾರಿಗೆ ಹೊಲಿದ್ರಿ?" ಎಂದಳು ಹೆಂಡತಿ.

ಟೈಲರ್ ಬೆಪ್ಪಾದ. ಹೊಲಿದದ್ದು ಮದುವೆಯ ಹೊಸದರಲ್ಲಿ ಇವಳೇ ಆಗಿದ್ದ ತೆಳ್ಳಗಿನ ಹುಡುಗಿಗೆ. ಆಮೇಲೆ ಈಕೆಯನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಊರವರ ಭುಜವೆಲ್ಲ ಬಾಯಿಪಾಠ, ಮನೆಯವಳದ್ದು ಮಾತ್ರ ಗೊತ್ತು ಅಂದುಕೊಂಡದ್ದು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಪುಣ್ಯಕ್ಕೆ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದ. ಬಿಚ್ಚಿ ಹೊಲಿದರೆ ಬೆಳಗಿನೊಳಗೆ ಆಗುತ್ತದೆ. ಬಾಗಿಲ ತನಕ ಹೋಗಿ ಗಿರಾಕಿ ಥರ ನಡೆದು ಬಾ ಅಂದ. ಆಕೆ ಗೊಣಗುತ್ತಾ ಹೋದಳು, ಗತ್ತಿನಿಂದ ಬಂದಳು.

ಎಡ ಭುಜ ಒಂಚೂರು ಕೆಳಗೆ. ರೋಗಿಗಳನ್ನು ಎತ್ತಿ ಎತ್ತಿ ತೋಳು ತುಂಬಿಕೊಂಡಿದೆ, ಬೆನ್ನು ಅಗಲವಾಗಿದೆ. ಕಿವಿಯ ಪಕ್ಕ ನರೆ. ಅದಕ್ಕೂ ಕೋಟಿಗೂ ಸಂಬಂಧವಿಲ್ಲ, ಆದರೂ ನೋಡಿದ. ತುಟಿಯಂಚಿನಲ್ಲಿ ನಗು ಅದುಮಿಕೊಂಡು ಬರುತ್ತಿದ್ದಾಳೆ, ಅದನ್ನೂ ನೋಡಿದ. ಇನ್ನೊಂದು ಸಲ ಅಂದ. ಆಮೇಲೆ ಮತ್ತೊಂದು ಸಲ.

ಆಕೆ ಮೇಜಿಗೆ ಕೈಯೂರಿ ನಿಂತಳು. "ಬೇರೆಯವರಿಗೆಲ್ಲ ಒಂದೇ ಸಲ ಸಾಕಲ್ವಾ? ನನ್ನ ಅಳತೆ ಇನ್ನೂ ಸಿಗ್ಲಿಲ್ವಾ?"

"ಅಳತೆ ಮೊದಲನೇ ಸಲವೇ ಸಿಕ್ತು," ಎಂದ ಟೈಲರ್. "ನೀನು ನಡೀತಾ ಇರು."