ಸುಳ್ಳುಪಟ್ಟಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೇಳುವವರು ಹೇಳಿಕೊಳ್ಳಲಿ. ಅಣ್ಣನಂತೂ ಚಿಕ್ಕಂದಿನಿಂದ ನನ್ನನ್ನು ಕರೆಯುವುದೇ ಸಿಡುಕಿ ಎಂದು. ಆದರೆ ಆ ಮಧ್ಯಾಹ್ನ, ಮೂರು ಮಿಲಿಮೀಟರ್ ಗಿಡ್ಡ ಬಂದ ಹಿಡಿಕೆಯನ್ನು ಕೈಯಲ್ಲಿಟ್ಟುಕೊಂಡು ನಿಂತಾಗ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಳೆಯ ಕಾರುಗಳ ಅಪರೂಪದ ಸಾಮಾನುಗಳನ್ನು ಹುಡುಕುವುದು, ಸಿಗದೇ ಹೋದರೆ ಹೊಸದಾಗಿ ಎರಕ ಹೊಯ್ದು ಕೊಡುವುದು ನಮ್ಮ ಕಸುಬು. ಕಾರ್ಖಾನೆ ಎಂದರೆ ತಗಡಿನ ಮಾಡಿನ ಒಂದು ಉದ್ದ ಕೋಣೆ, ಒಂದು ಕುಲುಮೆ, ಎರಡು ಮೇಜು. ಅಣ್ಣ ಮರದಲ್ಲಿ ಮಾದರಿ ಕೆತ್ತುತ್ತಾನೆ. ನಾನು ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿ, ಅಲ್ಯೂಮಿನಿಯಂ ಹೊಯ್ದು, ಉಜ್ಜಿ ಹೊಳಪು ಕೊಡುತ್ತೇನೆ. ಕೋಣೆಯ ಆ ತುದಿಯಲ್ಲಿ ಹೊದಿಕೆಯ ಅಡಿ ಅಪ್ಪನ ಕಾರಿದೆ. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ ಹಸಿರು ಸ್ಪೋರ್ಟ್ಸ್ ಕಾರು.

ಅಪ್ಪ ಹೋದಮೇಲೆ ಅದು ನಮ್ಮ ಕೈಗೆ ಬಂದಾಗ ಬೋಳು ಬೋಳಾಗಿತ್ತು. ಅದಕ್ಕೆಂದೇ ಮಾಡಿದ್ದ ಸಾಮಾನುಗಳನ್ನೆಲ್ಲ ಯಾರ್ಯಾರೋ ಬಿಚ್ಚಿಕೊಂಡು ಹೋಗಿದ್ದರು. ಹನ್ನೊಂದು ವರ್ಷ ಹುಡುಕಿದೆವು. ಪಕ್ಕದ ಕನ್ನಡಿ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಹಳೆ ಬೀಗಗಳ ಡಬ್ಬದ ತಳದಲ್ಲಿ. ಹಿಂದುಗಡೆ ಪೆಟ್ಟಿಗೆ ಕಟ್ಟುವ ಕಂಬಿಗಳ ಚೌಕಟ್ಟು ಯಾರದೋ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಉಳಿದದ್ದು ಒಂದೇ: ಪಕ್ಕದ ಸೀಟಿನವರು ತಿರುವಿನಲ್ಲಿ ಹಿಡಿದುಕೊಳ್ಳಲೆಂದು ಡ್ಯಾಶ್‌ಬೋರ್ಡಿಗೆ ಕೂರಿಸುವ ಹಿಡಿಕೆ. ನಮ್ಮ ಬಳಿ ಇರುವ ಒಂದೇ ಫೋಟೋದಲ್ಲಿ ಅಮ್ಮ ಅದನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಕಾರು ನಿಂತೇ ಇದ್ದರೂ ಹೆದರಿಕೊಂಡು ಕೂತಿದ್ದಾಳೆ.

ಎರಡು ವರ್ಷದ ಹಿಂದೆ ಅಣ್ಣನ ಕಣ್ಣು ಮಂಜಾಗತೊಡಗಿತು. ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ದೃಷ್ಟಿ ನಿಧಾನಕ್ಕೆ ಹೋಗುತ್ತದೆ, ವಾಪಸು ಬರುವುದಿಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣ ನಿಂತುಬಿಟ್ಟ.

"ಕಣ್ಣು ಹೋಗೋದ್ರೊಳಗೆ ಅಪ್ಪನ ಕಾರನ್ನ ಫೋಟೋದಲ್ಲಿ ಇರೋ ಹಾಗೆ ಒಂದ್ಸಲ ನೋಡ್ಬೇಕು ಕಣೆ. ಪೂರ್ತಿಯಾಗಿ."

"ನೋಡ್ತೀಯ ಬಿಡು. ಮೊದ್ಲು ಮೆಟ್ಟಿಲು ನೋಡ್ಕೊಂಡು ಇಳಿ," ಎಂದೆ. ಅಳು ಬಂದಾಗಲೇ ನಾನು ಹೆಚ್ಚು ಗದರುವುದು.

ಕೊನೆಗೆ ಅಸಲಿ ಹಿಡಿಕೆ ಸಿಕ್ಕಿದ್ದು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ. ಅವರಲ್ಲೂ ಅಂಥದ್ದೇ ಕಾರಿತ್ತು. ನಾಲ್ಕು ದಿನಕ್ಕೆ ಕೊಡುತ್ತೇನೆ, ಅಳತೆ ತೆಗೆದುಕೊಂಡು ವಾಪಸು ತನ್ನಿ ಎಂದರು. ಕೊಡುವಾಗ ಅವರ ಮುಖ ನೋಡಬೇಕಿತ್ತು, ತಮ್ಮದೇ ಹಲ್ಲು ಕಿತ್ತು ಕೊಟ್ಟ ಹಾಗಿತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೇ ಮರದ ಮಾದರಿಯನ್ನು ಅಸಲಿಗಿಂತ ತುಸು ದೊಡ್ಡದಾಗಿ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ನಮ್ಮಲ್ಲಿ ಬೇರೆಯೇ ಒಂದು ಅಳತೆಪಟ್ಟಿ ಇರುತ್ತದೆ. ಅದರಲ್ಲಿ ಗೆರೆಯಿಂದ ಗೆರೆಗೆ ಇರುವ ಅಂತರ ನಿಜಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಪ್ಪ ಅದಕ್ಕೆ ಸುಳ್ಳುಪಟ್ಟಿ ಎಂದು ಹೆಸರಿಟ್ಟಿದ್ದರು. ಅಸಲಿಯನ್ನು ಮಾಮೂಲಿ ಪಟ್ಟಿಯಲ್ಲಿ ಅಳೆ, ಮಾದರಿಗೆ ಸುಳ್ಳುಪಟ್ಟಿಯಲ್ಲಿ ಗುರುತು ಹಾಕು. ಇಷ್ಟೇ ಪಾಠ. "ಅದು ಸುಳ್ಳು ಹೇಳೋದೇ ಕೆಲಸ ಸರಿಯಾಗಿ ಬರ್ಲಿ ಅಂತ," ಎನ್ನುತ್ತಿದ್ದರು. ನೋಡಲು ಎರಡೂ ಒಂದೇ ತರಹದ ಉಕ್ಕಿನ ಪಟ್ಟಿಗಳು. ಸುಳ್ಳುಪಟ್ಟಿಯ ತುದಿಯಲ್ಲಿ ಮಾತ್ರ ಸಣ್ಣದೊಂದು ಕೆಂಪು ಚುಕ್ಕೆ ಇದೆ.

ಅಣ್ಣ ನನ್ನನ್ನು ಮೇಜಿನ ಹತ್ತಿರ ಸೇರಿಸಲಿಲ್ಲ. "ಅಳತೆ ನಾನು ಓದ್ಲಾ?" ಎಂದರೆ, "ಯಾಕೆ, ನನಗೇನು ಕಣ್ಣಿಲ್ವಾ?" ಎಂದ. ಮೂರು ದಿನ ಭೂತಗನ್ನಡಿ ಹಿಡಿದು ಬಗ್ಗಿ ಕೂತ. ನಾಲ್ಕನೆಯ ದಿನ ಹಿಡಿಕೆ ಡಾಕ್ಟರಿಗೆ ವಾಪಸು ಹೋಯಿತು. ಮುಂದಿನ ತಿಂಗಳೇ ಅವರು ಕಾರನ್ನು ಹಿಡಿಕೆಯ ಸಮೇತ ಯಾರೋ ಪರದೇಶದವರಿಗೆ ಮಾರಿಬಿಟ್ಟರು.

ಮಾದರಿ ಕೆತ್ತಿ ಮುಗಿಸಲು ಅಣ್ಣನಿಗೆ ಎರಡು ತಿಂಗಳು ಬೇಕಾಯಿತು. ಮೊದಲಾದರೆ ಅದು ಎರಡು ದಿನದ ಕೆಲಸ. ಅಷ್ಟು ನಯವಾದ ಮಾದರಿಯನ್ನು ಮರಳಿನಲ್ಲಿ ಒತ್ತಲು ನನಗೆ ಮನಸ್ಸೇ ಬರಲಿಲ್ಲ. ಎರಕ ಒಂದೇ ಸಲಕ್ಕೆ ಚೊಕ್ಕವಾಗಿ ಬಂತು. ಹೊಳಪು ಕೊಟ್ಟು ಕಾರಿಗೆ ಹಿಡಿದು ನೋಡಿದೆ. ಎಡಗಡೆ ಬೋಲ್ಟು ಕೂತಿತು. ಬಲಗಡೆಯ ತೂತು ಮೂರು ಮಿಲಿಮೀಟರ್ ಈಚೆಗೇ ನಿಂತಿತು.

ಮಾದರಿಯನ್ನು ಅಳೆದು ನೋಡಿದೆ. ಕುಗ್ಗುವುದಕ್ಕೆಂದು ಬಿಡಬೇಕಾದದ್ದನ್ನು ಬಿಟ್ಟೇ ಇರಲಿಲ್ಲ. ಅಣ್ಣ ಅಸಲಿಯನ್ನೂ ಸುಳ್ಳುಪಟ್ಟಿಯಲ್ಲೇ ಅಳೆದಿದ್ದ. ಸುಳ್ಳಿನಲ್ಲಿ ಅಳೆದು ಸುಳ್ಳಿನಲ್ಲೇ ಗುರುತು ಹಾಕಿದರೆ ಸುಳ್ಳಿಗೆ ಸುಳ್ಳು ವಜಾ. ನಲವತ್ತು ವರ್ಷದ ಕಸುಬುದಾರ ಇಂಥ ತಪ್ಪು ಮಾಡುವುದಿಲ್ಲ. ಕೆಂಪು ಚುಕ್ಕೆ ಕಾಣದವನು ಮಾತ್ರ ಮಾಡುತ್ತಾನೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರೆ, ಇಲ್ಲಿ ದೊಣ್ಣೆ ಬೀಸಿದವನೂ ಕುಂಬಾರನೇ.

ಹೇಳುವುದು ಹೇಗೆ? ತಪ್ಪಾಗಿದೆ ಎಂದರೆ ನಿನ್ನ ಕಣ್ಣು ಹೋಗಿದೆ ಎಂದ ಹಾಗೆ. ಇನ್ನೊಂದು ಮಾದರಿ ಕೆತ್ತೋಣವೆಂದರೆ ಅವನಿಗೆ ಕಾಣುವುದಿಲ್ಲ, ನನಗೆ ಬರುವುದಿಲ್ಲ. ಅರ ತೆಗೆದುಕೊಂಡು ಹಿಡಿಕೆಯ ಬಲಗಡೆಯ ತೂತನ್ನು ಉದ್ದಕ್ಕೆ ಉಜ್ಜಿದೆ. ಅಪ್ಪ ಇದ್ದಿದ್ದರೆ ಕಪಾಳಕ್ಕೆ ಬಿಡುತ್ತಿದ್ದರು. ಬೋಲ್ಟಿನ ಅಗಲ ತಲೆ ಅದನ್ನು ಮುಚ್ಚಿತು. ಆದರೆ ಹಳೆಯ ಹಿಡಿಕೆ ಕೂತಿದ್ದ ಕಡೆ ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ತಗ್ಗು ಬಿದ್ದಿತ್ತು, ಅದರ ಅಂಚು ಮಾತ್ರ ಹೊಸ ಹಿಡಿಕೆಯಿಂದ ಹೊರಗೆ ಉಳಿಯಿತು.

ಮರುದಿನ ಬೆಳಿಗ್ಗೆ ಅತ್ತಿಗೆ ಅಣ್ಣನ ಕೈಹಿಡಿದು ಕರೆತಂದರು. ಕಿಟಕಿಗಳನ್ನೆಲ್ಲ ತೆರೆದು ಹೊದಿಕೆ ಸರಿಸಿದೆ. ಅಣ್ಣ ನೋಡುತ್ತಾ ನಿಂತ. ಅವನು ನೋಡುತ್ತಿದ್ದದ್ದು ಕಾರಿಗಿಂತ ತುಸು ಎಡಕ್ಕೆ.

"ಚೆನ್ನಾಗಿದೆ," ಎಂದ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಅಣ್ಣ ತಡವರಿಸುತ್ತಾ ಬಾಗಿಲು ಹುಡುಕಿ, ಅಮ್ಮನ ಸೀಟಿನಲ್ಲಿ ಕೂತು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದ. ಬಲಗೈಯ ಹೆಬ್ಬೆರಳು ಹಾಗೇ ಸವರುತ್ತಾ ಹೋಗಿ ಆ ಅಂಚಿನ ಮೇಲೆ ನಿಂತಿತು.

"ಎಷ್ಟು ಗಿಡ್ಡ ಬಂತು?"

"ಎಲ್ಲಿ ಗಿಡ್ಡ? ಸರಿಯಾಗೇ ಇದೆ. ಎಲ್ಲದಕ್ಕೂ ನಿಂದೊಂದು..." ಎಂದು ಗದರಿದೆ.

ಅಣ್ಣ ಹೆಬ್ಬೆರಳಿನಿಂದ ಆ ಅಂಚನ್ನು ಇನ್ನೊಂದು ಸಲ ಸವರಿದ.

"ನಮ್ಮಲ್ಲಿ ಇರೋದು ಒಂದೇ ಸುಳ್ಳುಪಟ್ಟಿ ಅಂದ್ಕೊಂಡಿದ್ದೆ," ಎಂದು ಸಣ್ಣಗೆ ನಕ್ಕ. "ಸರಿ, ಹೇಳು ಸಿಡುಕಿ. ಕಾರು ಹೇಗೆ ಕಾಣ್ತಿದೆ, ಮೊದ್ಲಿಂದ ಹೇಳು."

ಕನ್ನಡಿಯಿಂದ ಶುರು ಮಾಡಿದೆ. ಅದರ ಅಂಚಿಗೆಲ್ಲ ಕಪ್ಪು ಹಿಡಿದಿತ್ತು. ಫಳಫಳ ಹೊಳೀತಿದೆ ಎಂದೆ.