ಅಡ್ಡ ಮಲಗಿದ ಕೆಂಪು ಪಟ್ಟಿ

ನಾನು ಒಂದು ಕೆಂಪು ಪಟ್ಟಿ. ಗೇಣುದ್ದ, ಎರಡು ಬೆರಳಗಲ, ಗಟ್ಟಿ ಪ್ಲಾಸ್ಟಿಕ್ಕು. ದೂರದ ಯಾವುದೋ ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದೆ. ನೀಲಿ, ಹಳದಿ ಪಟ್ಟಿಗಳು ರಾಶಿಗಟ್ಟಲೆ ಹುಟ್ಟಿದವು. ಕೆಂಪಿನವು ನಾವು ಕೆಲವೇ ಕೆಲವು.

ಅಲ್ಲಿಂದ ಕರಾವಳಿಯ ಗುಡ್ಡವೊಂದರ ಮೇಲಿನ ವಿಮಾನ ನಿಲ್ದಾಣಕ್ಕೆ ಬಂದೆ. ಸುತ್ತ ಗಾಜಿನ ಗೋಡೆಯ ಎತ್ತರದ ಟವರಿನಲ್ಲಿ ನನ್ನ ವಾಸ. ಯಾವ ವಿಮಾನ ಇಳಿಯಬೇಕು, ಯಾವುದು ಏರಬೇಕು ಎಂದು ರೇಡಿಯೋದಲ್ಲಿ ಹೇಳುವ ಕಂಟ್ರೋಲರುಗಳು ಅಲ್ಲಿ ಕೂರುತ್ತಿದ್ದರು. ಪ್ರತಿ ವಿಮಾನಕ್ಕೂ ಒಂದು ಕಾಗದದ ಚೀಟಿ. ಚೀಟಿ ಹೊತ್ತ ನೀಲಿ, ಹಳದಿ ಪಟ್ಟಿಗಳು ಅವರೆದುರಿನ ಹಲಗೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ನನಗೆ ಚೀಟಿ ಇರಲಿಲ್ಲ. ರನ್‌ವೇಯೊಳಗೆ ಜೀಪೋ ಹುಲ್ಲು ಕತ್ತರಿಸುವ ಯಂತ್ರವೋ ಹೋದಾಗ ನನ್ನನ್ನು ಆ ಸಾಲಿಗೆ ಅಡ್ಡ ಮಲಗಿಸುತ್ತಿದ್ದರು. ನಾನು ಮಲಗಿರುವಷ್ಟು ಹೊತ್ತು ಯಾವ ವಿಮಾನವೂ ಇಳಿಯುವಂತಿಲ್ಲ, ಏರುವಂತಿಲ್ಲ.

ನನ್ನನ್ನು ಮೊದಲು ಹಿಡಿದವರು ವಾಮನ ಬಾಳಿಗರು. ಕೆಲಸವಿಲ್ಲದಾಗಲೂ ನನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದರು. ಅವರ ಬಳಿ ಕಲಿಯಲು ಹಿಲ್ಡಾ ಲೋಬೊ ಬಂದರು. ಮೊದಮೊದಲು ಅವಸರದಲ್ಲಿ ನನ್ನನ್ನು ಎತ್ತಿಬಿಟ್ಟಾಗ ಬಾಳಿಗರು ಅವರ ಕೈ ಹಿಡಿದು ನಿಲ್ಲಿಸಿದ್ದರು.

"ಜೀಪು ಹೊರಗೆ ಬಂತು ಅಂತ ಡ್ರೈವರ್ ಹೇಳಿದ್ರೆ ಸಾಲದು ಹಿಲ್ಡಾ. ನೀವು ಕಣ್ಣಾರೆ ನೋಡ್ಬೇಕು. ಆಮೇಲೆ ಇದನ್ನು ತೆಗೀರಿ."

ಬಾಳಿಗರು ನಿವೃತ್ತರಾದ ಮೇಲೆ ನಾನು ಹಿಲ್ಡಾ ಅವರ ಕೈಯವನಾದೆ. ಎಷ್ಟೋ ಮಳೆಗಾಲ ಹಾಗೆಯೇ ಕಳೆಯಿತು. ಅವರ ಬೆರಳಿನ ಬಿಸುಪಿನಿಂದಲೇ ನನಗೆ ಅವರ ಮನಸ್ಸು ತಿಳಿಯುತ್ತಿತ್ತು.

ಆಮೇಲೆ ನಜೀರ್ ಎಂಬ ಎಂಜಿನಿಯರ್ ಹೊಸ ಸ್ಕ್ರೀನ್ ತಂದರು. ಚೀಟಿಗಳೆಲ್ಲ ಅದರೊಳಗೇ ಮೂಡುತ್ತಿದ್ದವು. ಪರೀಕ್ಷೆ ಮುಗಿಯುವವರೆಗೆ ಸ್ಕ್ರೀನೂ ಹಲಗೆಯೂ ಒಟ್ಟಿಗೇ ಇರಲಿ ಎಂದು ತೀರ್ಮಾನವಾಯಿತು.

ಒಂದು ಮಳೆಯ ಮಧ್ಯಾಹ್ನ ರನ್‌ವೇಯಲ್ಲಿ ಹದ್ದೊಂದು ಸತ್ತು ಬಿದ್ದಿತ್ತು. ಎತ್ತಿ ಹಾಕಲು ಜೀಪು ಹೋಯಿತು. ಹಿಲ್ಡಾ ನನ್ನನ್ನು ಅಡ್ಡ ಮಲಗಿಸಿ, ಸ್ಕ್ರೀನನ್ನೂ ಒತ್ತಿದರು. ಅದರ ಮೂಲೆಯಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಅಷ್ಟರಲ್ಲಿ ಒಂದರ ಮೇಲೊಂದು ಕರೆ. ಮೋಡದೊಳಗಿಂದ ಬರುತ್ತಿದ್ದ ವಿಮಾನ ಇಳಿಯಲು ಅಪ್ಪಣೆ ಕೇಳಿತು. ಸ್ಕ್ರೀನ್ ನೋಡುತ್ತಲೇ ಹಿಲ್ಡಾ ಅಪ್ಪಣೆ ಕೊಡಲು ಬಾಯಿ ತೆರೆದರು. ಅಭ್ಯಾಸಬಲದಿಂದ ಕೈ ಹಲಗೆಗೆ ಇಳಿಯಿತು, ನನ್ನನ್ನು ಮುಟ್ಟಿತು.

ಬೆರಳುಗಳು ಒಮ್ಮೆಲೇ ತಣ್ಣಗಾದವು. ಅವರು ತಲೆಯೆತ್ತಿದರು. ಮಳೆಯಲ್ಲಿ ಜೀಪು ಇನ್ನೂ ರನ್‌ವೇ ನಡುವೆಯೇ ಇತ್ತು. ಇಳಿಯಬೇಡಿ, ಮೇಲೇರಿ ಹೋಗಿ ಎಂದು ಪೈಲಟ್‌ಗೆ ಹೇಳಿದರು. ವಿಮಾನ ಟವರಿನ ಗಾಜು ನಡುಗಿಸುತ್ತ ಮೋಡಕ್ಕೆ ಏರಿತು.

"ಎಂತ ಆಯ್ತು ಮೇಡಂ? ಸ್ಕ್ರೀನಲ್ಲಿ ಕೆಂಪು ಇತ್ತಲ್ಲ?" ನಜೀರರ ಮುಖ ಬಿಳಿಚಿತ್ತು.

"ಮೂಲೆಯಲ್ಲಿ ಇತ್ತು ನಜೀರ್. ಇದು ದಾರಿಗೆ ಅಡ್ಡ ಉಂಟು ನೋಡಿ." ಹಿಲ್ಡಾ ನನ್ನನ್ನು ತೋರಿಸಿದರು.

ಸ್ಕ್ರೀನೇ ಬೇಡವೆಂದು ಬರೆದು ಕೊಡೋಣ ಎಂದು ಜೊತೆಯವರು ಸಿಟ್ಟಾದರು. ಹಿಲ್ಡಾ ಒಪ್ಪಲಿಲ್ಲ. "ಬೇಡ ಅಂದ್ರೆ ನಾಳೆ ನಮ್ಮನ್ನು ಕೇಳದೇ ಮಾಡಿ ತರ್ತಾರೆ. ಒಟ್ಟಿಗೆ ಕೂತು ಸರಿ ಮಾಡುವ."

ಅಂದಿನಿಂದ ನಜೀರ್ ಕುರ್ಚಿ ಎಳೆದುಕೊಂಡು ಕಂಟ್ರೋಲರುಗಳ ಪಕ್ಕದಲ್ಲೇ ಕೂತರು. ಯಾವಾಗ ಮಲಗಿಸ್ತೀರಿ, ಏನು ನೋಡಿ ಎತ್ತುತ್ತೀರಿ ಎಂದು ಕೇಳುತ್ತಿದ್ದರು. ಮಾಡಿದ್ದನ್ನು ಅಳಿಸಿ ಮತ್ತೆ ಮಾಡುತ್ತಿದ್ದರು. ಕೊನೆಗೆ ಸ್ಕ್ರೀನಿನ ರನ್‌ವೇಗೆ ಅಡ್ಡವಾಗಿ ಅಗಲವಾದ ಕೆಂಪು ಗೆರೆ ಬಂತು. ಕಂಟ್ರೋಲರ್ ಬೆರಳಿನಿಂದ ಸರಿಸುವವರೆಗೆ ಅದು ಯಾವ ವಿಮಾನಕ್ಕೂ ಅಪ್ಪಣೆ ದಾಖಲಿಸಲು ಬಿಡುತ್ತಿರಲಿಲ್ಲ. ಅದು ನನ್ನದೇ ಕೆಲಸ. ಹೆಮ್ಮೆಯಾಯಿತು. ಆದರೆ ಹಿಲ್ಡಾ ಅವರ ಬೆರಳು ಸ್ಕ್ರೀನಿನ ಗಾಜಿನ ಮೇಲೆ ಸರಿಯುವುದನ್ನು ನೋಡುತ್ತ ಬಿದ್ದಿರುವುದು ಕಷ್ಟವಾಯಿತು.

ಹಲಗೆ ಕಿತ್ತರು. ನೀಲಿ, ಹಳದಿಯವರು ಗುಜರಿ ಚೀಲಕ್ಕೆ ಹೋದರು. ನಜೀರ್ ನನ್ನನ್ನು ಎತ್ತಿಕೊಂಡರು.

"ಇದನ್ನು ನನಗೆ ಕೊಡಿ ಮೇಡಂ. ಸ್ಕ್ರೀನ್ ಹಾಕುವ ಮುಂದಿನ ಊರಲ್ಲಿ ಇದನ್ನು ತೋರಿಸಿಯೇ ಕೇಳ್ಲಿಕ್ಕೆ ಶುರು ಮಾಡ್ತೇನೆ."

ಹಿಲ್ಡಾ ನನ್ನನ್ನು ವಾಪಸ್ ತೆಗೆದುಕೊಂಡು ಸ್ವಲ್ಪ ಹೊತ್ತು ಹಿಡಿದುಕೊಂಡರು. "ಕೇಳಿ ಆದ್ಮೇಲೆ ತಂದು ಕೊಡ್ತೀರಲ್ಲ?"

"ಖಂಡಿತ ಮೇಡಂ."

ಅಷ್ಟು ವಿಮಾನಗಳನ್ನು ಕಾಯಿಸಿದ ನಾನು ವಿಮಾನ ಹತ್ತಿದ್ದು ಅದೇ ಮೊದಲು. ನಜೀರರ ಬ್ಯಾಗಿನಲ್ಲಿದ್ದೆ. ಹೊರಟ ವಿಮಾನ ರನ್‌ವೇ ಅಂಚಿನಲ್ಲಿ ನಿಂತೇಬಿಟ್ಟಿತು. ಯಾಕೆ ನಿಲ್ಲಿಸಿದ್ದಾರೋ ಎಂದು ಯಾರೋ ಗೊಣಗಿದರು. ನನಗೆ ಗೊತ್ತಿತ್ತು. ಮೇಲೆ ಟವರಿನಲ್ಲಿ ಹಿಲ್ಡಾ ಕೆಂಪು ಗೆರೆ ಎಳೆದು, ಕಣ್ಣು ಕಿರಿದು ಮಾಡಿ ಜೀಪು ಹೊರಬರುವುದನ್ನು ನೋಡುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ವಿಮಾನ ಮೆಲ್ಲಗೆ ಮುಂದೆ ಸರಿಯಿತು. ಓಡಿತು. ನೆಲ ಬಿಟ್ಟಿತು.

ಆಮೇಲೆ ಎಷ್ಟೋ ಊರು ನೋಡಿದೆ. ಹೋದಲ್ಲೆಲ್ಲ ನಜೀರ್ ನನ್ನನ್ನು ಮೇಜಿನ ಮೇಲಿಟ್ಟು, "ಇದನ್ನು ನೀವು ಹೇಗೆ ಬಳಸ್ತೀರಿ, ಹೇಳಿ" ಎನ್ನುತ್ತಾರೆ. ಹೊಸ ಕೈಗಳು ನನ್ನನ್ನು ಎತ್ತುತ್ತವೆ, ಅಡ್ಡ ಮಲಗಿಸುತ್ತವೆ. ಒಳ್ಳೆಯ ಕೈಗಳೇ. ಈಗ ನನ್ನ ಅಂಚು ಸೀಳು ಬಿಟ್ಟಿದೆ, ಬಣ್ಣ ಮಾಸಿದೆ. ಆದರೂ ಪ್ರತಿ ಸಲ ಬ್ಯಾಗಿನ ಜಿಪ್ ಎಳೆದು ಕತ್ತಲಾದಾಗ, ಈ ಪ್ರಯಾಣ ಆ ಗುಡ್ಡದ ಕಡೆಗೇ ಇರಬಹುದು ಎಂದುಕೊಳ್ಳುತ್ತೇನೆ.