ಸತ್ಯಮ್ಮನ ಕಟ್ಟೆಯ ನರಿ

ಹುಮನಾಬಾದಿನ ಅಬ್ದುಲ್ ಕರೀಮನಿಗೆ ಹೆಣಗಳ ಫೋಟೊ ತೆಗೆದು ತೆಗೆದು ಸಾಕಾಗಿತ್ತು. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಊರಿಗೆ ಊರೇ ನಂಬಿ ಕೂತಿತ್ತು. ಉಸಿರಾಡುವ ಒಬ್ಬನೂ ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಯಾರಾದರೂ ತೀರಿಕೊಂಡರೆ ಮಾತ್ರ ಕರೆ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಬೇಕು, ಹಾರ ಸರಿಮಾಡಬೇಕು, ತೆಗೆಯಬೇಕು. ಇದೂ ಒಂದು ಬಾಳುವೆಯೇ! ಜೀವವಿರುವ ಒಂದೇ ಒಂದು ಚಿತ್ರವನ್ನು ಅಂಗಡಿ ಮುಂದೆ ತೂಗುಹಾಕಿ ಜನರ ಅಂಜಿಕೆ ಬಿಡಿಸಬೇಕೆಂದು ಅವನು ಹಟ ಹಿಡಿದ. ಆದರೆ ಯುದ್ಧದ ದೆಸೆಯಿಂದ ಹೈದರಾಬಾದಿನಿಂದ ಚಿತ್ರ ಮೂಡಿಸುವ ಗಾಜಿನ ಪ್ಲೇಟು ಬರುವುದು ನಿಂತುಹೋಗಿತ್ತು. ಉಳಿದದ್ದು ಒಂದೇ.

ಹತ್ತಿರದ ಕಲ್ಯಾಣದ ಕೋಟೆಯ ಬಿದ್ದ ಗೋಡೆಗಳಲ್ಲಿ ನರಿಗಳಿದ್ದವು. ಬೆಳಗಾಗುತ್ತಲೇ ಓಣಿಗೆ ಇಳಿಯುತ್ತಿದ್ದವು. ಎದ್ದ ಕೂಡಲೇ ನರಿಯ ಮುಖ ನೋಡಿದರೆ ದಿನ ಒಳ್ಳೆಯದಾಗುತ್ತದೆಂದು ಅಲ್ಲಿಯ ಮುದುಕಿ ಸತ್ಯಮ್ಮ ರೊಟ್ಟಿ ಚೂರು ಹಾಕಿ, ಮನೆ ಮುಂದಿನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಸೊಸೆ ಸೋನುಬಾಯಿ "ಬಂತ್ರಿ ಅತ್ತಿ" ಎಂದ ಮೇಲೆಯೇ ಕಣ್ಣು ತೆರೆಯುವುದು.

ಮನುಷ್ಯರು ಒಲ್ಲೆಂದರೆ ನರಿಯ ಚಿತ್ರವಾದರೂ ಆಗಲೆಂದು ಕರೀಂ ಕ್ಯಾಮೆರಾ ಹೊತ್ತು ಅಲ್ಲಿಗೆ ಬಂದ. ಅದು ಬೆದರದಿರಲೆಂದು ಎರಡು ದಿನ ಅವರಿಬ್ಬರನ್ನೂ ಒಳಗೆ ಕೂರಿಸಿ ಬಾಗಿಲು ಹಾಕಿಸಿದ. ನರಿ ಇಣುಕಲೂ ಇಲ್ಲ. ಮೂರನೆಯ ದಿನ ಸತ್ಯಮ್ಮ ರೇಗಿದಳು.

"ಅದಕ್ಕ ನನ್ನ ರೂಢಿ ಅದ ಸಾಬ್ರ. ಖಾಲಿ ಕಟ್ಟಿಗಿ ಯಾಕ ಬರ್ತದ? ನನ್ನೂ ಸೇರ್ಸಿ ತಗೀರಿ. ಎಂಬತ್ತಾದಾಕಿಗಿ ಆಯುಷ್ಯ ಇನ್ನೇನು ಕಡಿಮಿ ಆಗ್ತದ?"

ಕರೀಮನಿಗೆ ಸ್ವರ್ಗವೇ ಸಿಕ್ಕಂತಾಯಿತು. ನರಿಯೂ ಜೀವಂತ, ಮುದುಕಿಯೂ ಜೀವಂತ!

"ಕುಂಡ್ರಿ ಯವ್ವಾ. ಆದ್ರ ಚಿತ್ರ ಮೂಡ್ಲಿಕ್ಕ ನಾ ಆರು ಎಣಸಬೇಕು, ಅಲ್ಲೀತನಕ ನಿಮ್ಮ ಸೊಸಿ ಬಾಯಿ ಬಿಡಬಾರದು. ನರಿ ಬೆದರ್ತದ."

ನರಿ ಬಂತು. ಸತ್ಯಮ್ಮನ ಕಾಲ ಬಳಿಯೇ ನಿಂತಿತು. ಕರೀಂ ಕ್ಯಾಮೆರಾದ ಮುಚ್ಚಳ ತೆಗೆದು ಎಣಿಸತೊಡಗಿದ. ಎರಡಕ್ಕೇ ಅದು ರೊಟ್ಟಿ ಕಚ್ಚಿ ತಲೆ ಕೊಡವಿತು, ಮೂರಕ್ಕೆ ತಿರುಗಿತು, ಆರು ಅನ್ನುವಷ್ಟರಲ್ಲಿ ಓಣಿ ಖಾಲಿ. "ಹಾಳಾದ್ದು!" ಎಂದು ಕರೀಂ ಹಲ್ಲು ಕಡಿದ.

ಹುಮನಾಬಾದಿಗೆ ಬಂದು ಪ್ಲೇಟು ತೊಳೆದು ನೋಡಿದರೆ ನರಿ ಇದ್ದಲ್ಲಿ ಬೂದಿ ಬಳಿದಂಥ ಕಲೆ. ಅಚ್ಚುಕಟ್ಟಾಗಿ ಬಂದವಳು ಸತ್ಯಮ್ಮ ಒಬ್ಬಳೇ: ಗೋಡೆಗೆ ಆನಿಸಿದ ಬೆನ್ನು, ಅರೆತೆರೆದ ಬಾಯಿ, ಮುಚ್ಚಿದ ಕಣ್ಣು. ಇಂಥ ನೂರು ಚಿತ್ರ ಅವನು ತೆಗೆದಿದ್ದ. ಸೊಸೆಯ ಬಾಯಿ ಕಟ್ಟಿಸಿದ ತನ್ನ ಬುದ್ಧಿಗೆ ತಾನೇ ಹಣೆ ಹಣೆ ಬಡಿದುಕೊಂಡ.

ಮರುವಾರ ನಾಚಿಕೆಯಿಂದಲೇ ಚಿತ್ರ ಒಯ್ದು ಕೊಟ್ಟ. ಸತ್ಯಮ್ಮ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

"ಭಾಳ ಚಲೋ ಬಂದದ ಸಾಬ್ರ," ಅಂದಳು. "ಇನ್ನ ನಾ ಸತ್ತಾಗ ನೀವು ಹುಮನಾಬಾದಿಂದ ಬರೋ ತ್ರಾಸ ತಪ್ಪಿತು."